ದನ ಮೇಯ್ದ ಹೊಲದಲ್ಲೇ ಗೋಧಿ ಕೊಯ್ಲು

ಅಮೆರಿಕದ ಒಕ್ಲಹೋಮದಲ್ಲಿ ಎಷ್ಟೋ ರೈತರು ಗೋಧಿ ಹೊಲದಲ್ಲಿ ಚಳಿಗಾಲವಿಡೀ ದನ ಮೇಯಿಸುತ್ತಾರೆ. ಜೂನ್‌ನಲ್ಲಿ ಅದೇ ಹೊಲದಿಂದ ಕಾಳನ್ನೂ ಕೊಯ್ಯುತ್ತಾರೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ (ಜಿಕೆವಿಕೆ) ಬಿಎಸ್ಸಿ ಮುಗಿಸಿ ನಾನು ಅಲ್ಲಿಗೆ ಓದಲು ಹೋದಾಗ ಇಂಥ ಹೊಲಗಳಲ್ಲೇ ಕೆಲಸ ಮಾಡಿದೆ. ಈಗ ಯಲಹಂಕದಲ್ಲಿದ್ದೇನೆ. ನಮ್ಮ ಚಿಕ್ಕಪ್ಪ ದೊಡ್ಡಬಳ್ಳಾಪುರದ ಕಡೆ ರಾಗಿ ಬೆಳೆಯುತ್ತಾರೆ, ಹಸು ಸಾಕಿದ್ದಾರೆ. ಈ ವಿಷಯ ಹೇಳಿದರೆ ಅವರು ನಂಬಲೇ ಇಲ್ಲ. "ಎಳೆ ಪೈರಿಗೆ ದನ ಬಿಟ್ಟರೆ ಇನ್ನೇನಮ್ಮ ಉಳಿಯುತ್ತೆ?"

ಸರಿಯಾದ ಪ್ರಶ್ನೆಯೇ. ಚಳಿಗಾಲದ ಗೋಧಿಯಲ್ಲಿ ಮುಂದೆ ತೆನೆಯಾಗುವ ಸುಳಿ ಆ ತಿಂಗಳುಗಳಲ್ಲಿ ನೆಲಮಟ್ಟದ ಕೆಳಗೇ ಇರುತ್ತದೆ. ದನದ ಬಾಯಿಗೆ ಸಿಗುವುದು ಎಲೆ ಮಾತ್ರ. ಗುಳಿ ತೆಗೆದು ರಾಗಿ ನೆಡುವವರು ಎಳೆ ಪೈರಿನ ಮೇಲೆ ಮರದ ಕೊರಡು ಎಳೆಯುತ್ತಾರಲ್ವಾ, ಬುಡದಿಂದ ಕವಲು, ಅಂದರೆ ತೆಂಡೆ, ಜಾಸ್ತಿ ಒಡೆಯಲಿ ಅಂತ? ಅದನ್ನು ನೆನಪಿಸಿದ ಮೇಲೆ ಚಿಕ್ಕಪ್ಪ ಸ್ವಲ್ಪ ಮೆತ್ತಗಾದರು.

ಕಾಳಿಗಷ್ಟೇ ಆದರೆ ಅಲ್ಲಿ ಅಕ್ಟೋಬರ್‌ನಲ್ಲಿ ಬಿತ್ತುತ್ತಾರೆ. ಮೇವೂ ಬೇಕೆಂದರೆ ಸೆಪ್ಟೆಂಬರ್ ಮಧ್ಯಕ್ಕೇ ಬಿತ್ತನೆ, ಬೀಜವೂ ಒಂದೂವರೆಯಿಂದ ಎರಡು ಪಟ್ಟು. ಬೇಗ ಬಿತ್ತಿದರೆ ಹುಳ ಮತ್ತು ನಂಜುರೋಗದ ಕಾಟ ಹೆಚ್ಚು, ಇಳುವರಿಯೂ ಸ್ವಲ್ಪ ತಗ್ಗುತ್ತದೆ. ದನ ಬಿಡುವ ಮೊದಲು ಗಿಡವನ್ನು ಕೈಯಲ್ಲಿ ಎಳೆದು ನೋಡಬೇಕು. ಬೇರು ಸಮೇತ ಕಿತ್ತು ಬಂದರೆ ಇನ್ನೂ ಕಾಯಬೇಕು. ಸಾಮಾನ್ಯವಾಗಿ ನವೆಂಬರ್ ಹೊತ್ತಿಗೆ ಬೇರು ಭದ್ರವಾಗುತ್ತದೆ. ಮೇವು ಚೆನ್ನಾಗಿದ್ದರೆ ಹಾಲು ಬಿಟ್ಟ ಕರು ದಿನಕ್ಕೆ ಸುಮಾರು 1 ಕೆಜಿ ತೂಕ ಏರುತ್ತದೆ. ಹೊಟ್ಟೆಯುಬ್ಬರದ ಅಪಾಯವಂತೂ ಇದ್ದೇ ಇದೆ, ಅದನ್ನು ತಡೆಯುವ ಔಷಧಿಯನ್ನು ಮೇವಿನ ಜೊತೆ ಕೊಡುತ್ತಾರೆ.

ಇದರಲ್ಲಿ ನನಗೆ ತುಂಬಾ ಇಷ್ಟವಾದದ್ದು ದನ ಹೊರಗೆ ಹಾಕುವ ದಿನವನ್ನು ಗೊತ್ತುಮಾಡುವ ರೀತಿ. ಕ್ಯಾಲೆಂಡರ್ ನೋಡಿ ಹೇಳಲಾಗದು. ಬಹುತೇಕ ಫೆಬ್ರವರಿ ಕೊನೆ, ಮಾರ್ಚ್ ಮೊದಲು ಎನ್ನಬಹುದು, ಆದರೆ ತಳಿ ಮತ್ತು ಆ ವರ್ಷದ ಬಿಸಿಲಿನ ಮೇಲೆ ಹಿಂದುಮುಂದಾಗುತ್ತದೆ. ಅದಕ್ಕೇ ಗಿಡ ಕಿತ್ತು, ದೊಡ್ಡ ತೆಂಡೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ ನೋಡುತ್ತೇವೆ. ಒಳಗೆ ಪುಟಾಣಿ ತೆನೆ ಕಾಣುತ್ತದೆ. ಅದರ ಕೆಳಗೆ ಕಾಂಡ ಪೊಳ್ಳಾಗಿರುವ ಭಾಗ 1.5 ಸೆಂಟಿಮೀಟರ್ ಆಯಿತೆಂದರೆ ದನ ಅಂದೇ ಆಚೆ ಹೋಗಬೇಕು. ತೆನೆ ಆಗ ನೆಲಬಿಟ್ಟು ಮೇಲೇರುತ್ತಿರುತ್ತದೆ. ಇನ್ನು ದನ ಕಚ್ಚಿದರೆ ಹೋಗುವುದು ತೆನೆಯೇ. ಆಮೇಲೂ ಮೇಯಿಸಿದರೆ ದಿನಕ್ಕೆ ಶೇ 1ರಿಂದ 5ರಷ್ಟು ಇಳುವರಿ ಕೈತಪ್ಪುತ್ತದೆ.

ನೋಡಬೇಕಾದ್ದು ಬೇಲಿಯಾಚೆ, ದನ ಬಾಯಿ ಹಾಕದ ಜಾಗದ ಗಿಡವನ್ನು. ತಳಿ ಮಾತ್ರ ಅದೇ ಆಗಿರಬೇಕು. ಮೇಯ್ದ ಗಿಡದಲ್ಲಿ ಈ ಹಂತ ತಡವಾಗಿ ಕಾಣುತ್ತದೆ, ಅದನ್ನು ನಂಬಿದರೆ ಕಾಳಿಗೆ ಸಂಚಕಾರ. ಚಳಿಗೆ ಬೆರಳು ಮರಗಟ್ಟಿದರೂ ಆ ಸೀಳಿದ ಕಾಂಡ ನೋಡುವಾಗ ನನಗೆ ಬೇಸರವೇ ಆಗುತ್ತಿರಲಿಲ್ಲ. ಗೋಧಿ ಬೆಲೆ ಬಿದ್ದು ದನದ ಬೆಲೆ ಏರಿದ ವರ್ಷ ಕೆಲವರು ಕಾಳಿನ ಆಸೆಯನ್ನೇ ಬಿಟ್ಟು ಮೇ ತನಕ ಮೇಯಿಸುತ್ತಾರೆ. ಅದು ಲೆಕ್ಕಾಚಾರ, ತಪ್ಪಲ್ಲ.

"ಹಾಗಾದರೆ ನಾವೂ ಹಾಕೋಣ್ವಾ?" ಅಂದರು ಚಿಕ್ಕಪ್ಪ. ಆಗಲ್ಲ ಅಂದೆ. ಆ ಗೋಧಿ ತೆನೆ ಹೊರಡಲು ಕೆಲವು ವಾರ ಕೊರೆಯುವ ಚಳಿ ಬೇಕು. ನಮ್ಮಲ್ಲಿ ಜನವರಿ ರಾತ್ರಿಯೂ 15 ಡಿಗ್ರಿ ಆಸುಪಾಸು. ಇಲ್ಲಿ ಬಿತ್ತಿದರೆ ಹುಲ್ಲಾಗಿಯೇ ಉಳಿಯುತ್ತದೆ. ಧಾರವಾಡ, ವಿಜಯಪುರದ ಕಡೆ ಬೆಳೆಯುವ ಗೋಧಿಗೆ ಆ ಚಳಿ ಬೇಡ, ಅದರ ಸ್ವಭಾವವೇ ಬೇರೆ.

ಆದರೆ ಒಂದೇ ಬೆಳೆಯಿಂದ ಮೇವು, ಕಾಳು ಎರಡೂ ಪಡೆಯುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ರಾಜಸ್ಥಾನದಲ್ಲಿ ಬಾರ್ಲಿಯನ್ನು 50–55 ದಿನಕ್ಕೆ ಒಮ್ಮೆ ಹಸಿಮೇವಿಗೆ ಕೊಯ್ದು, ಮತ್ತೆ ಚಿಗುರಿದ್ದನ್ನು ಕಾಳಿಗೆ ಬಿಡುತ್ತಾರೆ. ಮೇವಿನ ಓಟ್ಸನ್ನೂ ಒಂದು ಸಲ ಕೊಯ್ದು ಬೀಜಕ್ಕೆ ಬಿಡಬಹುದು. ಚಿಕ್ಕಪ್ಪನ ಬೋರ್‌ವೆಲ್ ಪಕ್ಕ ಒಂದಿಷ್ಟು ಗುಂಟೆ ಖಾಲಿ ಇದೆ. ಈ ನವೆಂಬರ್‌ನಲ್ಲಿ ಅಲ್ಲಿ ಓಟ್ಸ್ ಹಾಕುತ್ತಿದ್ದೇವೆ. ಹಸು ಬಿಡುವುದಿಲ್ಲ, ಕುಡುಗೋಲಲ್ಲೇ ಕೊಯ್ಯುತ್ತೇವೆ. ಬುಡದಲ್ಲಿ ನಾಲ್ಕು ಬೆರಳಷ್ಟಾದರೂ ಬಿಡಬೇಕೆಂದು ಚಿಕ್ಕಮ್ಮನಿಗೆ ಈಗಲೇ ಹೇಳಿದ್ದೇನೆ, ಮೇವು ಕೊಯ್ಯುವವರು ಅವರೇ.