ಎಫ್ ಕೀ ಮೇಲೇಳದಿದ್ದರೆ ಒತ್ತಕ್ಷರವಿಲ್ಲ

ನಮ್ಮದು ಬೆಂಗಳೂರಿನಲ್ಲಿ ಪುಸ್ತಕಗಳ ಅಕ್ಷರಜೋಡಣೆ ಮತ್ತು ಪುಟವಿನ್ಯಾಸ ಮಾಡುವ ಕಚೇರಿ. ಕಂಪ್ಯೂಟರ್, ಪ್ರಿಂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ದಿನವಿಡೀ ಟೈಪ್ ಮಾಡುವವರು ಹಳೆಯ ರಬ್ಬರ್ ಪದರದ ಕೀಬೋರ್ಡುಗಳನ್ನು ಬೈದು ಬೈದು ಸಾಕಾದ ಮೇಲೆ ಆಡಳಿತದವರು ಮನಸ್ಸು ಮಾಡಿ ಪ್ರತಿ ಕೀಗೂ ಪ್ರತ್ಯೇಕ ಸ್ವಿಚ್ ಇರುವ ಮೆಕ್ಯಾನಿಕಲ್ ಕೀಬೋರ್ಡುಗಳನ್ನು ತರಿಸಿದರು. ಎಲ್ಲವೂ ಒತ್ತಿದಾಗ ಟಕ್ಕೆಂದು ಸದ್ದು ಮಾಡುವ ನೀಲಿ ಸ್ವಿಚ್ಚಿನವು. ಬಳಕೆಗೆ ಬಂದ ಮೊದಲ ವಾರದಲ್ಲೇ ಒಂದರ ಎಫ್ ಕೀ ಕೈಕೊಟ್ಟಿತು.

ಬೇರೆ ಕಚೇರಿಯಲ್ಲಾಗಿದ್ದರೆ ಎಫ್ ಇಪ್ಪತ್ತಾರರಲ್ಲಿ ಒಂದು ಅಕ್ಷರ, ಅಷ್ಟೆ. ನಮ್ಮಲ್ಲಿ ಎಲ್ಲರೂ ನುಡಿ ತಂತ್ರಾಂಶದಲ್ಲಿ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಬಳಸುತ್ತಾರೆ. ಅದರಲ್ಲಿ ಒತ್ತಕ್ಷರ ಕೂಡಿಸುವುದೇ ಎಫ್. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯೂ ಒತ್ತಬೇಕು. ನಡುವಿನ ಎಫ್ ತಪ್ಪಿದರೆ ಪರದೆಯ ಮೇಲೆ ‘ಕನನಡ’ ಮೂಡುತ್ತದೆ. ಒತ್ತಿಲ್ಲದೆ ಒಂದು ಸಾಲು ಮುಗಿಸುವುದು ಕನ್ನಡದಲ್ಲಿ ಎಷ್ಟು ಕಷ್ಟ ಎಂದು ಬರೆಯುವವರಿಗೆ ಗೊತ್ತು.

“ಸರ್, ಒತ್ತು ಬರುತ್ತಿಲ್ಲ. ನುಡಿ ಕೆಟ್ಟಿದೆ, ಮತ್ತೆ ಹಾಕಿಕೊಡಿ” ಎಂದು ಅಕ್ಷರಜೋಡಣೆಯ ಹಿರಿಯ ಮೇಡಂ ಕರೆದರು. ಅದೇ ಯಂತ್ರದಲ್ಲಿ ಸಂಜೆ ಇಂಗ್ಲಿಷ್ ಪತ್ರಗಳನ್ನು ಬರೆಯುವ ಹುಡುಗನ ದೂರು ತದ್ವಿರುದ್ಧವಾಗಿತ್ತು: ಎಫ್‌ನಲ್ಲಿ ಕೊನೆಯಾಗುವ ಪದ ಬರೆದು ಒಂದು ಕ್ಷಣ ಯೋಚಿಸಲು ನಿಂತರೆ ಎಫ್‌ಗಳ ಸಾಲೇ ಹರಿದು ಬರುತ್ತದಂತೆ. ಒಬ್ಬರಿಗೆ ಬರುವುದೇ ಇಲ್ಲ, ಇನ್ನೊಬ್ಬರಿಗೆ ನಿಲ್ಲುವುದೇ ಇಲ್ಲ. ಎರಡು ಬೇರೆ ಬೇರೆ ದೋಷಗಳೆಂದು ಬರೆದುಕೊಳ್ಳುವ ಮೊದಲು ಕಂಪ್ಯೂಟರ್ ಕೀಯನ್ನು ಹೇಗೆ ಲೆಕ್ಕ ಹಾಕುತ್ತದೆಂದು ನೆನಪಿಸಿಕೊಳ್ಳಬೇಕು. ಒತ್ತಿದ್ದು ಒಂದು ಘಟನೆ, ಬಿಟ್ಟಿದ್ದು ಇನ್ನೊಂದು. ಬಿಡದೆ ಹಿಡಿದರೆ ಸ್ವಲ್ಪ ಹೊತ್ತಿನ ನಂತರ ಅಕ್ಷರ ಪುನರಾವರ್ತನೆ ಆಗುತ್ತದೆ. ವಿಂಡೋಸ್‌ನಲ್ಲಿ ಈ ಕಾಯುವ ಸಮಯವನ್ನು ಕಾಲು ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ಹೊಂದಿಸಬಹುದು. ನಡುವೆ ಬೇರೆ ಕೀ ಒತ್ತಿದರೆ ಹಳೆಯದರ ಪುನರಾವರ್ತನೆ ನಿಲ್ಲುತ್ತದೆ. ಮೇಡಂ ಅವರದು ನಿಲ್ಲದ ವೇಗ. ಕೆಳಗೇ ಕುಳಿತ ಎಫ್ ಪುನರಾವರ್ತನೆಯಾಗುವಷ್ಟರಲ್ಲಿ ಅವರು ಮುಂದಿನ ಅಕ್ಷರಕ್ಕೆ ಹೋಗಿರುತ್ತಾರೆ. ಮತ್ತೆ ಎಫ್ ಒತ್ತಿದಾಗ ಅದು ಇನ್ನೂ ಕೆಳಗೇ ಇರುವುದರಿಂದ ಹೊಸ ಘಟನೆ ದಾಖಲಾಗುವುದಿಲ್ಲ. ಹುಡುಗ ನಿಂತು ನಿಂತು ಬರೆಯುವವನು, ಅವನಿಗೆ ಸಾಲು ಕಾಣುತ್ತದೆ. ರೋಗ ಒಂದೇ.

ಆದರೂ ಸಾಫ್ಟ್‌ವೇರನ್ನು ಮೊದಲು ಬದಿಗೆ ಸರಿಸಿಬಿಡುವುದು ಒಳ್ಳೆಯದು, ಏಕೆಂದರೆ ಅದಕ್ಕೆ ಸ್ಕ್ರೂಡ್ರೈವರ್ ಬೇಕಿಲ್ಲ. ವಿಂಡೋಸ್‌ನಲ್ಲಿ ಶಿಫ್ಟ್ ಅನ್ನು ಸತತವಾಗಿ 5 ಬಾರಿ ಒತ್ತಿದರೆ ಸ್ಟಿಕಿ ಕೀಸ್ (ಶಿಫ್ಟ್‌ನಂಥ ಕೀಯನ್ನು ಬಿಟ್ಟ ಮೇಲೂ ಒತ್ತಿದಂತೆಯೇ ಇಡುವುದು) ಎಂಬ ಸೌಲಭ್ಯ ಎದ್ದು ಕೂರುತ್ತದೆ; ಬಲಗಡೆಯ ಶಿಫ್ಟ್ ಅನ್ನು 8 ಸೆಕೆಂಡ್ ಹಿಡಿದರೆ ಫಿಲ್ಟರ್ ಕೀಸ್ (ಚುಟುಕಾಗಿ ಅಥವಾ ಮತ್ತೆ ಮತ್ತೆ ಒತ್ತಿದ್ದನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು). ಮಹಾಪ್ರಾಣಕ್ಕೂ ದೀರ್ಘಕ್ಕೂ ಶಿಫ್ಟ್ ಬೇಕಾದ ವಿನ್ಯಾಸದಲ್ಲಿ ಇವು ಗೊತ್ತಿಲ್ಲದೆ ಚಾಲೂ ಆಗುವುದು ಮಾಮೂಲು. (ಇವೆರಡನ್ನು ಆಫ್ ಮಾಡಿಯೇ ನಾನು ಎಷ್ಟೋ “ಕೆಟ್ಟ” ಕೀಬೋರ್ಡುಗಳನ್ನು ರಿಪೇರಿ ಮಾಡಿದ ಕೀರ್ತಿ ಪಡೆದಿದ್ದೇನೆ.) ಇಲ್ಲಿ ಎರಡೂ ಆಫ್ ಆಗಿದ್ದವು. ನಂತರ ಪರದೆಯ ಕೀಬೋರ್ಡ್ ತೆರೆದೆ. ನಿಜವಾದ ಕೀ ಒತ್ತಿದರೆ ಪರದೆಯಲ್ಲಿರುವ ಕೀ ಬಣ್ಣ ಬದಲಿಸುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಬೆರಳು ತೆಗೆದ ಮೇಲೂ ಎಫ್ ಬಣ್ಣ ಬಿಡಲಿಲ್ಲ. ನುಡಿ ನಿರಪರಾಧಿ.

ಮೆಕ್ಯಾನಿಕಲ್ ಸ್ವಿಚ್ಚಿನ ಒಳಗೆ ಹೆಚ್ಚೇನೂ ಇಲ್ಲ. ಒಂದು ಸ್ಪ್ರಿಂಗ್, ಅದರ ಮೇಲೆ ಜಾರುವ ಪ್ಲಾಸ್ಟಿಕ್ ಕಾಂಡ, ಪಕ್ಕದಲ್ಲಿ ಲೋಹದ ಸಂಪರ್ಕ ಪಟ್ಟಿ. ಚೆರ್ರಿ ಎಂಎಕ್ಸ್ ಮಾದರಿಯಲ್ಲಿ ಕಾಂಡ ಒಟ್ಟು 4 ಮಿ.ಮೀ. ಇಳಿಯುತ್ತದೆ, ಸುಮಾರು ಅರ್ಧ ದಾರಿಯಲ್ಲಿ ಸಂಪರ್ಕವಾಗುತ್ತದೆ. ನೀಲಿ ಸ್ವಿಚ್ಚಿನಲ್ಲಿ ಸಂಪರ್ಕ ಬಿಡುವ ಜಾಗ, ಸಂಪರ್ಕ ಆಗುವ ಜಾಗಕ್ಕಿಂತ ಇನ್ನಷ್ಟು ಮೇಲಿದೆ. ಹಾಗಾಗಿ ಕೀ ಅರ್ಧ ಎದ್ದರೆ ಸಾಲದು, ಇನ್ನಷ್ಟು ಮೇಲೇಳಬೇಕು. ಕಾಂಡದ ತುದಿಯಲ್ಲಿ ಕೂಡಿಸುವ ಗುರುತಿನ (+) ಆಕಾರವಿದೆ. ಬೆರಳು ತಾಗುವ ಮುಚ್ಚಳ, ಅಂದರೆ ಕೀಕ್ಯಾಪ್, ಅದರ ಮೇಲೆ ಬಿಗಿಯಾಗಿ ಕೂರುತ್ತದೆ.

ಇಲ್ಲಿಂದ ಮುಂದೆ ನನ್ನ ಪದ್ಧತಿ ಒಂದೇ: ಒಂದು ಭಾಗವನ್ನು ಮಾತ್ರ ಸ್ಥಳ ಬದಲಿಸು, ದೋಷ ಅದರ ಜೊತೆ ಹೋಯಿತೋ ಇದ್ದಲ್ಲೇ ಉಳಿಯಿತೋ ನೋಡು. ಎರಡನ್ನು ಒಟ್ಟಿಗೆ ಬದಲಿಸಿದರೆ ಕೀ ಸರಿಯಾಗಬಹುದು, ಕಾರಣ ಮಾತ್ರ ತಿಳಿಯುವುದಿಲ್ಲ. ಕಾರಣ ತಿಳಿಯದಿದ್ದರೆ ಪಕ್ಕದ ಮೇಜಿನ ಕೀಬೋರ್ಡಿನಲ್ಲಿ ಅದೇ ತೊಂದರೆ ಬಂದಾಗ ಮೊದಲಿನಿಂದ ಶುರು ಮಾಡಬೇಕು.

ಕ್ಯಾಪ್ ಕೀಳುವ ಮೊದಲು ಎಫ್ ಅನ್ನು ನಾಲ್ಕೂ ಮೂಲೆಗಳಲ್ಲಿ ಒತ್ತಿ ನೋಡಿದೆ. ನಡುವೆ ಒತ್ತಿದರೆ ಚೆನ್ನಾಗಿ ಏಳುತ್ತಿತ್ತು, ಬಲ ಅಂಚಿನಲ್ಲಿ ಒತ್ತಿದರೆ ಸಿಕ್ಕಿಕೊಳ್ಳುತ್ತಿತ್ತು. ತಂತಿಯ ಪುಲ್ಲರ್‌ನಿಂದ ಕ್ಯಾಪ್ ತೆಗೆದು ಬರಿಯ ಕಾಂಡವನ್ನು ಪೆನ್ಸಿಲಿನ ಮೊಂಡು ತುದಿಯಿಂದ ಒತ್ತಿದಾಗ ಅದು ಟಕ್ಕೆಂದು ಮೇಲೆದ್ದಿತು. ಸ್ವಿಚ್ ಸರಿಯಿದೆ. ಡಿ ಮತ್ತು ಎಫ್ ಕ್ಯಾಪ್‌ಗಳನ್ನು ಅದಲುಬದಲು ಮಾಡಿದೆ. ಎರಡೂ ಒಂದೇ ಸಾಲಿನವು ಎಂಬುದು ಮುಖ್ಯ. ಸಾಲು ಬದಲಾದರೆ ಕ್ಯಾಪಿನ ಎತ್ತರವೂ ಓರೆಯೂ ಬದಲಾಗುತ್ತವೆ, ಹೋಲಿಕೆ ಹಾಳಾಗುತ್ತದೆ. ಈಗ ಸಿಕ್ಕಿಕೊಂಡಿದ್ದು ಡಿ ಜಾಗದಲ್ಲಿ ಕುಳಿತ ಎಫ್ ಕ್ಯಾಪ್.

ಕ್ಯಾಪನ್ನು ಮೇಜಿನ ದೀಪದ ಕೆಳಗೆ ತಿರುಗಿಸಿ ನೋಡಿದಾಗ ಬಲ ಅಂಚಿನಲ್ಲಿ ಪ್ಲಾಸ್ಟಿಕ್ಕಿನ ಒಂದು ಸಣ್ಣ ಮೊಳಕೆ ಕಂಡಿತು. ಅಚ್ಚಿಗೆ ಕರಗಿದ ಪ್ಲಾಸ್ಟಿಕ್ ಹರಿಯುವ ಬಾಯಿಯ ಬಳಿ ಹೀಗೆ ತುಣುಕು ಉಳಿಯುತ್ತದೆ, ಕಾರ್ಖಾನೆಯಲ್ಲಿ ಅದನ್ನು ಸಾಪಾಗಿ ಕತ್ತರಿಸಬೇಕಿತ್ತು. ಒಂದು ಕೀಯ ಮಧ್ಯದಿಂದ ಮುಂದಿನದರ ಮಧ್ಯಕ್ಕೆ 19.05 ಮಿ.ಮೀ., ಕ್ಯಾಪಿನ ಬುಡದ ಅಗಲ ಸುಮಾರು 18 ಮಿ.ಮೀ. ಅಂದರೆ ಎರಡರ ನಡುವೆ ಉಳಿಯುವುದು 1 ಮಿ.ಮೀ. ಆಸುಪಾಸು. ಕ್ಯಾಪ್ ಸ್ವಲ್ಪ ವಾಲಿದರೂ ಆ ಮೊಳಕೆ ಪಕ್ಕದ ಕ್ಯಾಪಿಗೆ ತಗಲುತ್ತಿತ್ತು. ನಯವಾದ ಉಪ್ಪುಕಾಗದದಲ್ಲಿ ಉಜ್ಜಿ, ಪುಡಿ ಸ್ವಿಚ್ಚಿನೊಳಗೆ ಬೀಳದಂತೆ ದೂರದಲ್ಲೇ ಒರೆಸಿ ಹಾಕಿದೆ. ಒತ್ತಕ್ಷರಗಳು ಮರಳಿದವು.

ಇದರ ನಡುವೆ ಸಲಹೆಗಳಿಗೆ ಬರವಿರಲಿಲ್ಲ. ಮಾರಿದವರು ಫೋನಿನಲ್ಲಿ “ಹೊಸದಲ್ಲವೇ ಸರ್, ಬಳಸುತ್ತಾ ಸಡಿಲವಾಗುತ್ತದೆ” ಎಂದರು. ಹೊಸ ಸ್ವಿಚ್ಚಿನ ಸಣ್ಣ ಒರಟುತನ ಬಳಕೆಯಿಂದ ತಗ್ಗುವುದು ನಿಜ, ಆದರೆ ಸಿಕ್ಕಿಕೊಳ್ಳುವ ಕೀಗೆ ಆ ಮಾತು ಹೇಳುವುದು ಹಿಂದಿರುಗಿಸುವ ಅವಧಿ ಮುಗಿಯಲಿ ಎಂದು ಕಾಯುವವರ ಮಾತು. ಸಹೋದ್ಯೋಗಿಯೊಬ್ಬರು ತುಕ್ಕು ಬಿಡಿಸುವ ಎಣ್ಣೆಯ ಸ್ಪ್ರೇ ಹಿಡಿದು ಬಂದರು. ಅದು ಬಾಗಿಲಿನ ತಿರುಗಣಿಗೆ ಇರಲಿ. ಸ್ವಿಚ್ಚಿನೊಳಗೆ ಹೋದರೆ ಧೂಳನ್ನು ಹಿಡಿದು ಕೂರಿಸಿಕೊಳ್ಳುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಕೂಡ ಬೇಡ, ಅದರಲ್ಲಿ ಸಾಮಾನ್ಯವಾಗಿ ಬೆರೆಸುವ ಗ್ಲಿಸರಿನ್ ಹಾಗೆಯೇ ಅಂಟಾಗಿ ಉಳಿಯುತ್ತದೆ.

ಅದೇ ಸರಕಿನ ಇನ್ನೊಂದರಲ್ಲಿ ಸ್ಪೇಸ್‌ಬಾರ್ ಒಂದು ಕಡೆ ಕೆಳಗೇ ಉಳಿಯುತ್ತಿತ್ತು. ಉದ್ದದ ಕೀಗಳ ಎರಡೂ ತುದಿಯನ್ನು ಜೊತೆಯಾಗಿ ಇಳಿಸಲು ಸ್ಟೆಬಿಲೈಸರ್ ಎಂಬ ಬಾಗಿದ ತಂತಿ ಇರುತ್ತದೆ. ಅದು ಒಂದು ಕೊಂಡಿಯಿಂದ ಜಾರಿತ್ತು, ಒತ್ತಿ ಕೂರಿಸಿದ್ದಾಯಿತು. ಮತ್ತೊಂದರಲ್ಲಿ ಎನ್ ಎರಡೆರಡು ಸಲ ಬೀಳುತ್ತಿತ್ತು. ಕೀ ಮಾತ್ರ ಸಲೀಸಾಗಿ ಏಳುತ್ತಿತ್ತು, ಅಂದರೆ ಸಂಪರ್ಕ ಪಟ್ಟಿ ಅದುರುತ್ತಿದೆ ಎಂದರ್ಥ. ಬೆಸುಗೆ ಇಲ್ಲದೆ ಸ್ವಿಚ್ ಬದಲಿಸಬಹುದಾದ ಮಾದರಿಯಾದ್ದರಿಂದ ಪಕ್ಕದ ಎಂ ಸ್ವಿಚ್ಚಿನೊಡನೆ ಅದಲುಬದಲು ಮಾಡಿದೆ, ದೋಷ ಎಂಗೆ ಹೋಯಿತು. ಸ್ವಿಚ್ಚನ್ನು ನೇರವಾಗಿ ಇಳಿಸಬೇಕು, ಓರೆಯಾಗಿ ಒತ್ತಿದರೆ ತೆಳುವಾದ ಪಿನ್ನು ಮಡಚಿ ಹೊಸ ತಲೆನೋವು. ಯಾವ ಕೀ, ಯಾವ ಪರೀಕ್ಷೆ, ದೋಷ ಎಲ್ಲಿಗೆ ಸರಿಯಿತು ಎಂದು ಬರೆದು ಕಳಿಸಿದ್ದರಿಂದ ಮಾರಿದವರು ಈ ಸಲ ವಾದ ಮಾಡದೆ ಬದಲಿ ಕೊಟ್ಟರು.

ಈಗ ಹೊಸ ಕೀಬೋರ್ಡ್ ಬಂದರೆ ಮೇಜಿಗೆ ಹೋಗುವ ಮೊದಲು ಪ್ರತಿ ಕೀಯನ್ನೂ ನಾಲ್ಕು ಮೂಲೆಗಳಲ್ಲಿ ಒತ್ತಿ ನೋಡುತ್ತೇನೆ. ಉಳಿದಿರುವುದು ಕರಡು ತಿದ್ದುವವರ ದೂರು: ಇಷ್ಟು ನೀಲಿ ಸ್ವಿಚ್ಚುಗಳ ಟಕಟಕದ ನಡುವೆ ಓದಲಾಗುತ್ತಿಲ್ಲವಂತೆ. ಮುಂದಿನ ಆರ್ಡರಿನಲ್ಲಿ ಟಕ್ಕೆನ್ನದ ಕೆಂಪು ಸ್ವಿಚ್ಚಿನವನ್ನು ಬರೆದಿದ್ದೇನೆ. ಮೇಡಂ ಅವರಿಗೆ ಇನ್ನೂ ಹೇಳಿಲ್ಲ, ಅವರಿಗೆ ಆ ಸದ್ದೇ ಇಷ್ಟ.