ಡರ್ಬಿಯ ಗಿರಣಿ, ಅಮ್ಮನ ಪಟ್ಟೆಸೀರೆ

ಇಂಗ್ಲೆಂಡಿನಲ್ಲಿರುವ ಅಕ್ಕನ ಮಗ ಡರ್ಬಿಯ ಸಿಲ್ಕ್ ಮಿಲ್ಲಿನ ಫೋಟೊ ಕಳಿಸಿದ್ದ. 1721ರಲ್ಲಿ ಕಟ್ಟಿ ಮುಗಿಸಿದ ಗಿರಣಿ, 2021ರಿಂದ 'ಮ್ಯೂಸಿಯಂ ಆಫ್ ಮೇಕಿಂಗ್'.

"ಅಷ್ಟು ಥಂಡೀಲಿ ಹುಳ ಬದುಕ್ತಾ ತಮಾ?" ಅಮ್ಮನ ಮೊದಲ ಪ್ರಶ್ನೆ.

ಹುಳ ಅಲ್ಲಿಯದಲ್ಲ. ಕಚ್ಚಾ ರೇಷ್ಮೆ ಹೊರಗಿಂದ ಬರುತ್ತಿತ್ತು; ಡರ್ವೆಂಟ್ ನದಿಯ ನೀರು ಚಕ್ರ ತಿರುಗಿಸುತ್ತಿತ್ತು, ಎಳೆಗೆ ಹುರಿ ಬೀಳುತ್ತಿತ್ತು. ಯಂತ್ರದ ಗುಟ್ಟನ್ನು ಜಾನ್ ಲೋಂಬ್ ಎಂಬವ ಇಟಲಿಯಿಂದ ಕದ್ದು ತಂದನಂತೆ. 1910ರ ಬೆಂಕಿಗೆ ಬಹುಪಾಲು ಹೋಗಿ, ಮತ್ತೆ ಕಟ್ಟಿದ್ದಾರೆ.

ಕಾರವಾರದ ದಂಡೆಯಲ್ಲಿ ನಾವೂ ಚಾಪೆಲ್ ಯುದ್ಧನೌಕೆಯನ್ನು ಮ್ಯೂಸಿಯಂ ಮಾಡಿದ್ದೇವಲ್ಲ. ನಮ್ಮೂರಿನ ಅಕ್ಕಿ ಗಿರಣಿ ಮಾತ್ರ ಗುಜರಿಗೆ ಹೋಯಿತು. ಅದರ ಬೆಲ್ಟಿನ ಪಟಪಟ ಸದ್ದು, ಬಿಸಿ ತೌಡಿನ ವಾಸನೆ ಈಗಲೂ ಮೂಗಲ್ಲೇ ಇದೆ.

ಅಮ್ಮ ಕಪಾಟು ತೆಗೆದು ಮದುವೆಯ ಪಟ್ಟೆಸೀರೆ ಗಾಳಿಗೆ ಹರವುತ್ತಿದ್ದಾಳೆ.