ಗುಡಿ ಕಟ್ಟೆಯ ಮೇಲೆ ಪದಸಂಬಂಧ: ಭಾನುವಾರದ ಪಾಠದ ಟಿಪ್ಪಣಿ

ಜುಲೈ

ಎನ್‌ಎಂಎಂಎಸ್ ಎಂಬ ವಿದ್ಯಾರ್ಥಿವೇತನದ ಪರೀಕ್ಷೆಗೆ ಕೂರುವ ಎಂಟನೇ ತರಗತಿ ಮಕ್ಕಳಿಗೆ ಭಾನುವಾರ ಬೆಳಿಗ್ಗೆ ಪಾಠ ಶುರುವಾಗಿದೆ. ಜಾಗ, ಗಂಗಾವತಿ ತಾಲ್ಲೂಕಿನ ನಮ್ಮೂರ ಹನುಮಪ್ಪನ ಗುಡಿ ಕಟ್ಟೆ. ಆಯ್ಕೆಯಾದವರಿಗೆ ಒಂಬತ್ತರಿಂದ ಹನ್ನೆರಡನೇ ತರಗತಿವರೆಗೆ ವರ್ಷಕ್ಕೆ 12,000 ರೂಪಾಯಿ ಸಿಗುತ್ತದೆ. ಕೂಲಿ ನಂಬಿದ ಮನೆಗೆ ಅದು ಸಣ್ಣ ದುಡ್ಡಲ್ಲ. ಗಣಿತ, ವಿಜ್ಞಾನ ಶಾಲೆಯಲ್ಲಿ ನಡೆಯುತ್ತವೆ. ನಾನು ಹಿಡಿದಿರುವುದು ಮಾನಸಿಕ ಸಾಮರ್ಥ್ಯದ ಪತ್ರಿಕೆಯ ಪದಸಂಬಂಧ ಒಂದನ್ನೇ: ಮೊದಲೆರಡು ಪದಗಳಿಗಿರುವ ನಂಟನ್ನೇ ಹಿಡಿದು ಮೂರನೆಯ ಪದಕ್ಕೆ ಜೋಡಿ ಹುಡುಕುವ ಪ್ರಶ್ನೆ.

ಅಮೆರಿಕದಲ್ಲಿ ಕಾಲೇಜು ಸೇರಲು ಬರೆಯುವ ಸ್ಯಾಟ್ ಪರೀಕ್ಷೆಯವರು ಇಂಥ ಪ್ರಶ್ನೆಗಳನ್ನು 2005ರಲ್ಲೇ ಕೈಬಿಟ್ಟರು. ನಮ್ಮಲ್ಲಿ ಇನ್ನೂ ಇವೆ, ಹಾಗಾಗಿ ಕಲಿಸಲೇಬೇಕು.

ಮೊದಲ ವಾರ ಕಂಡದ್ದಿಷ್ಟು. ಮಕ್ಕಳು ಉತ್ತರ ಹೇಳುತ್ತಾರೆ, ಸರಿಯೂ ಇರುತ್ತದೆ. ‘ಯಾಕೆ ಅದೇ?’ ಎಂದರೆ ‘ಹಂಗ ಅನಿಸ್ತು ಸರ’. ಅನಿಸಿದ್ದು ಸುಲಭದ ಪ್ರಶ್ನೆಗೆ ಸಾಕಾಗುತ್ತದೆ, ಸ್ವಲ್ಪ ತಿರುವಿದ್ದರೆ ಕೈಕೊಡುತ್ತದೆ.

ಆಗಸ್ಟ್

ಒಂದೇ ನಿಯಮ ಇಟ್ಟಿದ್ದೇನೆ: ನಾಲ್ಕೂ ಆಯ್ಕೆಗಳನ್ನು ಅಂಗೈಯಿಂದ ಮುಚ್ಚು, ಮೊದಲೆರಡು ಪದ ಸೇರಿಸಿ ಒಂದು ವಾಕ್ಯ ಹೇಳು, ಅದೇ ವಾಕ್ಯದಲ್ಲಿ ಮೂರನೆಯ ಪದ ಕೂರಿಸು, ಆಮೇಲೆ ಕೈ ತೆಗೆ.

ಇದಕ್ಕೆ ಗೈಡಿನ ಉದಾಹರಣೆಗಳು ನನಗೆ ಸೇರಲಿಲ್ಲ. ನ್ಯಾಯಾಧೀಶ, ಶಿಲ್ಪಿ, ಉಳಿ, ಕೊನೆಗೆ ಎಲ್ಲಿ ನೋಡಿದರೂ ವೈದ್ಯ ಮತ್ತು ಆಸ್ಪತ್ರೆ. ನಮ್ಮ ಸುತ್ತಲಿನದನ್ನೇ ಬರೆದೆ.

ಸರಪಳಿ : ಗೇಟು :: ಹಗ್ಗ : ? ಆಯ್ಕೆಗಳು ಬಾವಿ, ಕೊಡ, ನೀರು, ರಾಟೆ.

2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಸರಪಳಿ ತುಂಡಾಗಿ ಗೇಟೇ ಕೊಚ್ಚಿಹೋದದ್ದನ್ನು ಕಾಲುವೆ ನೀರಿನ ಊರಲ್ಲಿ ಯಾವ ಮಗುವಿಗೂ ಹೇಳಿಕೊಡಬೇಕಿಲ್ಲ. ಒಟ್ಟು 33 ಗೇಟುಗಳೆಂದು ಅವರೇ ನನಗೆ ಹೇಳಿದರು. ಆದರೂ ಅರ್ಧಕ್ಕರ್ಧ ಮಂದಿ ‘ಬಾವಿ’ ಎಂದರು. ಹಗ್ಗ ಅಂದ ಕೂಡಲೇ ಬಾವಿ ನೆನಪಾಗುತ್ತದಲ್ಲ! ಪ್ರಶ್ನೆ ತೆಗೆಯುವವರು ಬಲೆ ಹಾಕುವುದೇ ಅಲ್ಲಿ: ನಾಲ್ಕೂ ಆಯ್ಕೆಗಳಿಗೆ ಮೂರನೆಯ ಪದದ ಜೊತೆ ಏನಾದರೂ ನಂಟು ಇರುತ್ತದೆ, ಮೊದಲ ಜೋಡಿಯ ನಂಟು ಇರುವುದು ಒಂದಕ್ಕೆ ಮಾತ್ರ. ‘ಸರಪಳಿ ಗೇಟನ್ನು ಮೇಲೆತ್ತುತ್ತದೆ’ ಎಂದು ಬಾಯಿಬಿಟ್ಟು ಹೇಳಿಸಿದ ಮೇಲೆ ಕೊಡ ತಾನಾಗಿ ಬಂತು.

ನಾಟಿ ಜೋರಾಗಿದೆ. ಎರಡು ಭಾನುವಾರ ಕಟ್ಟೆ ಹೆಚ್ಚುಕಮ್ಮಿ ಖಾಲಿ.

ಗಣೇಶನ ಹಬ್ಬದ ಆಚೆಗೆ

ದಿಕ್ಕಿನ ತೊಂದರೆ. ಭತ್ತ : ಅಕ್ಕಿ :: ತೊಗರಿ : ಬೇಳೆ ಎಲ್ಲರಿಗೂ ಬರುತ್ತದೆ. ತಿರುಗಿಸಿ ಅಕ್ಕಿ : ಭತ್ತ :: ಬೇಳೆ : ? ಎಂದು ಕೊಟ್ಟರೆ ‘ಸಾರು’ ಎನ್ನುತ್ತಾರೆ. ವಾಕ್ಯ ಹೇಳುವಾಗ ಮೊದಲ ಪದದಿಂದಲೇ ಶುರು ಮಾಡಬೇಕು ಎಂಬುದನ್ನು ನಿಯಮಕ್ಕೆ ಸೇರಿಸಿದೆ: ‘ಅಕ್ಕಿ ಬರುವುದು ಭತ್ತದಿಂದ.’

ಈ ತಿಂಗಳ ಒಳ್ಳೆಯ ಜಗಳ ಹಟ್ಟಿಯದು. ಹಟ್ಟಿ : ಚಿನ್ನ :: ಸಂಡೂರು : ? ಆಯ್ಕೆಯಲ್ಲಿ ಕಬ್ಬಿಣವೂ ಇತ್ತು, ಕಬ್ಬಿಣದ ಅದಿರೂ ಇತ್ತು. ಹಟ್ಟಿಯ ತಾಲ್ಲೂಕು ಲಿಂಗಸುಗೂರಲ್ಲಿ ಅಜ್ಜಿ ಮನೆ ಇರುವ ಹುಡುಗಿ ಎದ್ದು ನಿಂತಳು: ‘ಹಟ್ಟಿ ಗಣ್ಯಾಗೂ ಮೊದ್ಲು ಸಿಗೋದು ಕಲ್ಲ ಸರ, ಅರದು ಬಂಗಾರ ತಗೀತಾರ.’ ಹಿಂದಿನ ಸಾಲಿನವನು ಬಿಡಲಿಲ್ಲ: ‘ಆದ್ರ ಹಟ್ಟಿಯಿಂದ ಹೊರಗ ಹೋಗೂದು ಬಂಗಾರ. ಸಂಡೂರಿಂದ ಲಾರಿಯಾಗ ಹೋಗೂದು ಅದಿರು.’ ‘ಗಣಿಯಲ್ಲಿ ಅಗೆಯುವ ಲೋಹ’ ಎಂದರೆ ಕಬ್ಬಿಣ, ‘ಊರಿಂದ ಹೊರಗೆ ಸಾಗುವ ಮಾಲು’ ಎಂದರೆ ಅದಿರು. ವಾಕ್ಯ ಬದಲಾದರೆ ಉತ್ತರ ಬದಲಾಯಿತು. ನಾನು ಯಾರ ಕಡೆಗೂ ತೀರ್ಪು ಕೊಡಲಿಲ್ಲ. ಎರಡೂ ಆಯ್ಕೆ ಉಳಿಯುತ್ತಿದ್ದರೆ ವಾಕ್ಯ ಇನ್ನೂ ಸಡಿಲವಾಗಿದೆ, ಬಿಗಿ ಮಾಡಿ ಎಂದಷ್ಟೇ ಹೇಳಿದೆ. ಗೈಡಿನ ಇಪ್ಪತ್ತು ಪ್ರಶ್ನೆಗಿಂತ ಈ ಒಂದು ಜಗಳ ಹೆಚ್ಚು ಕಲಿಸಿತು ಎಂದು ನನ್ನ ಲೆಕ್ಕ.

ಅಕ್ಟೋಬರ್

ತಪ್ಪುಗಳನ್ನು ಈಗ ಎರಡು ಕಾಲಂ ಮಾಡಿ ಬರೆಯುತ್ತಿದ್ದೇನೆ. ಮಸ್ಕಿ : ಅಶೋಕ :: ಹಲ್ಮಿಡಿ : ? ಎಂಬುದಕ್ಕೆ ಒಬ್ಬ ಉತ್ತರ ಬಿಟ್ಟಿದ್ದ. ವಾಕ್ಯ ಕೇಳಿದರೆ ‘ಮಸ್ಕಿ ಶಾಸನದಾಗ ಅಶೋಕನ ಹೆಸರೈತಿ’ ಅಂತ ನೆಟ್ಟಗೆ ಹೇಳಿದ. ಕದಂಬರ ಕಾಕುತ್ಸ್ಥವರ್ಮ ಗೊತ್ತಿರಲಿಲ್ಲ, ಅಷ್ಟೇ. ಇದು ಓದಿನ ಕೊರತೆ, ಸಮಾಜ ವಿಜ್ಞಾನದ ಪುಸ್ತಕ ತೆರೆದರೆ ತೀರಿತು. ನಂಟು ಹಿಡಿಯದೆ ಬಾವಿ ಎಂದವನದು ಬೇರೆ ಕಾಲಂ. ಎರಡನ್ನೂ ಒಟ್ಟಿಗೆ ಹಾಕಿ ‘ಇನ್ನೂ ಪ್ರಾಕ್ಟೀಸ್ ಮಾಡು’ ಎನ್ನುವುದರಲ್ಲಿ ಅರ್ಥವಿಲ್ಲ.

ವೇಗವೂ ಬೇಕು. 90 ಪ್ರಶ್ನೆಗೆ 90 ನಿಮಿಷ. ವಾಕ್ಯ ಬರೆಯುವುದನ್ನು ನಿಲ್ಲಿಸಿ ಪಿಸುಮಾತಿಗೆ ಇಳಿಸಿದ್ದೇವೆ, ಮುಂದಿನದು ಮನಸ್ಸಿನಲ್ಲೇ. ಈಗ ಕಟ್ಟೆ ಮೇಲೆ ಎಲ್ಲರ ತುಟಿಯೂ ಜಪಕ್ಕೆ ಕೂತಂತೆ ಅಲುಗುತ್ತಿರುತ್ತದೆ, ಪೂಜಾರಪ್ಪ ನಗುತ್ತಾರೆ.

ನವೆಂಬರ್

ಹತ್ತನೇ ತರಗತಿಯ ಕೆಲವರು ಬಂದು ಕೂತಿದ್ದಾರೆ. ಅವರ ಕನ್ನಡ ಪತ್ರಿಕೆಯಲ್ಲೂ ‘ಮೊದಲೆರಡು ಪದಗಳಿಗಿರುವ ಸಂಬಂಧದಂತೆ’ ಎಂಬ ಪ್ರಶ್ನೆ ಇದೆ, ಅಲ್ಲಿ ಆಯ್ಕೆಗಳೇ ಇರುವುದಿಲ್ಲ. ವರ್ಣ : ಬಣ್ಣ :: ಪಕ್ಷಿ : ? ಒಬ್ಬಳು ‘ಖಗ’ ಎಂದು ಬರೆದಳು. ‘ಎರಡೂ ಒಂದೇ ಅರ್ಥ’ ಎಂಬ ಅವಳ ವಾಕ್ಯ ಸುಳ್ಳಲ್ಲ, ಸಡಿಲ. ‘ಬಣ್ಣ ಅನ್ನೋದು ವರ್ಣದ ತದ್ಭವ’ ಎಂದು ಬಿಗಿಮಾಡಿದ್ದು ಎಂಟನೇ ತರಗತಿಯ ಹಟ್ಟಿ ಹುಡುಗಿ. ಬರುವ ವಾರ ಇವರಿಗೆ ಸಂಧಿ, ಸಮಾಸದ ಜೋಡಿಗಳು. ಕೊಯ್ಲು ಶುರುವಾಗಿರುವುದರಿಂದ ಪಾಠ ಸಂಜೆಗೆ ಹಾಕಿದ್ದೇನೆ.